ಮೂರನೆಯ ಪಕ್ಷ

ಆಷಾಢದ ಒಂದು ಸಂಜೆ, ಮಳೆ ಹೊಯ್ದು ನಿಂತ ತರುವಾಯ, ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯ ಜಗಲಿಯಲ್ಲಿ ಈ ಸಂವಾದ ನಡೆಯಿತು. ಮಾತನಾಡಿದವರು ಇಬ್ಬರು. ಒಬ್ಬರು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ರಾಜ್ಯಶಾಸ್ತ್ರವನ್ನು ಬೋಧಿಸಿ ನಿವೃತ್ತರಾಗಿ, ಮಹಿಳೆಯರ ಸಂಘವೊಂದರ ಪರವಾಗಿ ಕೆಲವು ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿಗಳಲ್ಲಿ ಹೊರಗಿನ ಸದಸ್ಯರಾಗಿರುವ ಹಿರಿಯ ಮಹಿಳೆ. ಇನ್ನೊಬ್ಬರು, ಹಿಂದೆ ಅವರ ವಿದ್ಯಾರ್ಥಿಯಾಗಿದ್ದು ಈಗ ಪದವಿ ಕಾಲೇಜೊಂದರಲ್ಲಿ ಅದೇ ವಿಷಯವನ್ನು ಬೋಧಿಸುತ್ತಿರುವ ಅಧ್ಯಾಪಕರು.

ಅಧ್ಯಾಪಕ: ಮೇಡಂ, ಕಳೆದ ತಿಂಗಳು ಪ್ರಾಂಶುಪಾಲರು ನನ್ನನ್ನು ಕರೆದು, ನಮ್ಮ ಕಾಲೇಜಿನ ಆಂತರಿಕ ದೂರು ಸಮಿತಿಗೆ ನನ್ನನ್ನು ಸದಸ್ಯನನ್ನಾಗಿ ನೇಮಿಸಿದ ಆದೇಶವನ್ನು ಕೈಗಿತ್ತರು. “ಹೆಚ್ಚಿನ ಕೆಲಸವೇನೂ ಇರುವುದಿಲ್ಲ, ಮಾನ್ಯತೆಯ ಪರಿಶೀಲನೆಗೆ ನ್ಯಾಕ್‌ನವರು ಬಂದಾಗ ತೋರಿಸುವುದಕ್ಕೆ ಹೆಸರುಗಳಿರಬೇಕಷ್ಟೆ” ಎಂದರು. ಅಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಒಬ್ಬ ಹೆಣ್ಣುಮಗಳ ಮಾನವೂ ಒಬ್ಬ ಮನುಷ್ಯನ ಜೀವನೋಪಾಯವೂ ಒಂದೇ ಮೇಜಿನ ಮೇಲೆ ಬಂದು ನಿಂತಾಗ, ನ್ಯಾಯಾಧೀಶನೂ ಅಲ್ಲದ, ಪೊಲೀಸನೂ ಅಲ್ಲದ, ಪಾಠ ಹೇಳುವುದೊಂದನ್ನೇ ಬಲ್ಲ ನನ್ನಂಥವನು ಯಾವ ಅಧಿಕಾರದಿಂದ ನಿರ್ಣಯ ಹೇಳಬಲ್ಲನು? ಇದನ್ನು ತಮ್ಮಲ್ಲಿ ಕೇಳಿಕೊಂಡು ಹೋಗೋಣವೆಂದು ಬಂದೆ.

ಹಿರಿಯರು: ಒಳ್ಳೆಯದಾಯಿತು, ಕುಳಿತುಕೊ. ನಿನ್ನ ಅಳುಕು ಅಯೋಗ್ಯವಾದದ್ದಲ್ಲ. ಅದು ಲವಲೇಶವೂ ಇಲ್ಲದವರು ಆ ಮೇಜಿನ ಸುತ್ತ ಕುಳಿತದ್ದನ್ನು ನಾನು ಕಂಡಿದ್ದೇನೆ, ಅವರಿಂದಾದ ಕೇಡನ್ನೂ ಕಂಡಿದ್ದೇನೆ. ಯಾವ ಅಧಿಕಾರದಿಂದ ಎಂದು ಕೇಳಿದೆಯಲ್ಲ, ಅದರ ಉತ್ತರ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಿಂದ ಮೊದಲಾಗುತ್ತದೆ. ಅಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿ ದುಡಿಯುತ್ತಿದ್ದ ಭಂವರಿ ದೇವಿ, ತಮ್ಮ ಕೆಲಸದ ಅಂಗವಾಗಿಯೇ ಒಂದು ಹಸುಗೂಸಿನ ಮದುವೆಯನ್ನು ತಡೆಯಹೋಗಿ, ಅದರ ಸೇಡಿಗೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಕೆಳಗಿನ ನ್ಯಾಯಾಲಯವು 1995ರಲ್ಲಿ ಆಪಾದಿತರನ್ನು ಅತ್ಯಾಚಾರದ ಆರೋಪದಿಂದ ಮುಕ್ತಗೊಳಿಸಿತು. ಇತ್ತ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. ಹೆಂಗಸನ್ನು ಕೆಲಸಕ್ಕೆ ಕಳುಹಿಸಿದವರು ಅವಳ ರಕ್ಷಣೆಗೂ ಹೊಣೆಗಾರರಲ್ಲವೆ ಎಂಬುದು ಅವುಗಳ ಅಹವಾಲಿನ ತಿರುಳು. 1997ರ ಆಗಸ್ಟ್ 13ರಂದು, ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರಿದ್ದ ಪೀಠವು ‘ವಿಶಾಖಾ’ ತೀರ್ಪನ್ನಿತ್ತು, ಪ್ರತಿಯೊಂದು ಕಾರ್ಯಸ್ಥಳದಲ್ಲಿಯೂ ಮಹಿಳೆಯೊಬ್ಬಳ ಅಧ್ಯಕ್ಷತೆಯಲ್ಲಿ ದೂರು ಸಮಿತಿಯೊಂದು ಇರತಕ್ಕದ್ದೆಂದು ವಿಧಿಸಿತು. ಅದು ಶಾಸನವಾಗುವುದಕ್ಕೆ 2013ರವರೆಗೆ ಕಾಯಬೇಕಾಯಿತು. ವಿದ್ಯಾರ್ಥಿನಿಯರನ್ನೂ ಸ್ಪಷ್ಟವಾಗಿ ಒಳಗೊಂಡ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2016ರ ಮೇ 2ರಂದು. ನಿನ್ನ ಕೈಗೆ ಬಂದ ಆ ಒಂದು ಪುಟದ ಆದೇಶದ ಹಿಂದೆ ಇಷ್ಟು ಜನರ ನೋವೂ ಇಷ್ಟು ವರ್ಷಗಳ ನಡಿಗೆಯೂ ಇದೆ. ಅದನ್ನು ನ್ಯಾಕ್‌ಗೆ ತೋರಿಸುವ ಹೆಸರಿನ ಪಟ್ಟಿಯೆಂದು ಹೇಳಿದವರು ಅದನ್ನು ಓದಿಲ್ಲ.

ಅಧ್ಯಾಪಕ: ಆದರೂ ನನ್ನದೊಂದು ಸಂದೇಹ. ಅಪರಾಧವೇ ನಡೆದಿದ್ದರೆ ಅದಕ್ಕೆ ಪೊಲೀಸ್ ಠಾಣೆಯಿದೆ, ನ್ಯಾಯಾಲಯವಿದೆ. ಅವು ಮಾಡಬೇಕಾದ ಕಾರ್ಯವನ್ನು ಕಾಲೇಜು ತನ್ನ ಮೇಲೆ ಹೊತ್ತುಕೊಳ್ಳುವುದು ಯುಕ್ತವೆ?

ಹಿರಿಯರು: ಠಾಣೆಯ ಬಾಗಿಲು ತೆರೆದೇ ಇದೆ, ದೂರು ಕೊಟ್ಟವಳು ಅಲ್ಲಿಗೆ ಹೋಗಬಯಸಿದರೆ ಅವಳಿಗೆ ನೆರವಾಗಬೇಕಾದದ್ದೂ ಕಾಲೇಜಿನ ಕರ್ತವ್ಯ. ಆದರೆ ಯೋಚಿಸಿ ನೋಡು: ಕಾಲೇಜಿನಲ್ಲಿ ಅನ್ಯಾಯ ಮಾಡುವವನು ಯಾವ ಆಯುಧದಿಂದ ಮಾಡುತ್ತಾನೆ? ಆಂತರಿಕ ಅಂಕಗಳಿಂದ, ಹಾಜರಿಯಿಂದ, ಪ್ರಯೋಗ ಪರೀಕ್ಷೆಯ ಸಹಿಯಿಂದ, ಸಂಶೋಧನೆಯ ಮಾರ್ಗದರ್ಶನದಿಂದ, ಮುಂದೆ ಬೇಕಾಗುವ ಒಂದು ಶಿಫಾರಸು ಪತ್ರದಿಂದ. ಈ ಆಯುಧಗಳನ್ನು ಅವನ ಕೈಗೆ ಕೊಟ್ಟದ್ದು ಕಾಲೇಜು. ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲದೆ ಠಾಣೆಯ ಅಧಿಕಾರಿ ಬಂದು ಆಂತರಿಕ ಅಂಕಗಳನ್ನು ಬೇರೆಯವರಿಂದ ಹಾಕಿಸಲಾರನು. ಆದಕಾರಣವೇ ನಿಯಮಾವಳಿಯು ಮಧ್ಯಂತರ ಪರಿಹಾರವೆಂಬುದನ್ನು ಹೇಳಿ, ವಿಚಾರಣೆ ಮುಗಿಯುವವರೆಗೆ ದೂರುದಾರೆಯ ಪರೀಕ್ಷೆಯನ್ನೂ ಮೌಲ್ಯಮಾಪನವನ್ನೂ ಪ್ರತಿವಾದಿಯ ಕೈಯಿಂದ ತಪ್ಪಿಸಬಹುದೆಂದಿದೆ. ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಬಹುದೆಂದಿದೆ. ಇಬ್ಬರಲ್ಲೊಬ್ಬರನ್ನು ಬೇರೆ ವಿಭಾಗಕ್ಕೆ ಕಳುಹಿಸಬಹುದೆಂದಿದೆ. ಇವು ಯಾವುವೂ ಶಿಕ್ಷೆಗಳಲ್ಲ. ಸತ್ಯ ತಿಳಿಯುವವರೆಗೆ ಒಬ್ಬರ ಭಯ ಇನ್ನೊಬ್ಬರ ಬಲವಾಗದಂತೆ ನೋಡಿಕೊಳ್ಳುವ ಏರ್ಪಾಡುಗಳು.

ಅಧ್ಯಾಪಕ: ಸತ್ಯ ತಿಳಿಯುವವರೆಗೆ ಎಂದಿರಿ, ನನ್ನನ್ನು ಕಾಡುತ್ತಿರುವುದು ಅದೇ. ಬೇರೆ ಊರಿನ ಕಾಲೇಜಿನಲ್ಲಿ ನನ್ನ ಗೆಳೆಯನೊಬ್ಬನಿದ್ದ. ಅವನ ಮೇಲೆ ಯಾರೂ ದೂರು ಕೊಡಲಿಲ್ಲ, ಯಾರೂ ಅವನನ್ನು ಕರೆದು ಕೇಳಲಿಲ್ಲ. ಆದರೆ ಒಂದು ಮಾತು ಹಬ್ಬಿತು. ಅವನು ಬಂದೊಡನೆ ಅಧ್ಯಾಪಕರ ಕೊಠಡಿಯಲ್ಲಿ ಮಾತು ನಿಲ್ಲುತ್ತಿತ್ತು. ಅವನ ತರಗತಿಯಲ್ಲಿ ಮುಂದಿನ ಎರಡು ಸಾಲು ಬೆಂಚುಗಳು ಬರಿದಾದವು. ಅವನು ಪ್ರಾಂಶುಪಾಲರ ಬಳಿಗೆ ಹೋಗಿ, “ವಿಚಾರಣೆ ಮಾಡಿರಿ, ತಪ್ಪಿದ್ದರೆ ಶಿಕ್ಷಿಸಿರಿ” ಎಂದು ಬೇಡಿಕೊಂಡರೆ, “ದೂರೇ ಇಲ್ಲದ ಮೇಲೆ ಏನನ್ನು ವಿಚಾರಿಸುವುದು?” ಎಂಬ ಉತ್ತರ ಬಂತು. ಎರಡು ವರ್ಷ ಕಾದು ಕೆಲಸ ಬಿಟ್ಟ. ಅವನು ನಿರ್ದೋಷಿಯೆಂದು ನಾನು ಆಣೆಯಿಟ್ಟು ಹೇಳಲಾರೆ. ದೋಷಿಯೆಂದೂ ಯಾರೂ ಹೇಳಲಾರರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರಲ್ಲವೆ? ಅವನಿಗೆ ಆ ಪ್ರಮಾಣದ ಅವಕಾಶವೇ ದೊರೆಯಲಿಲ್ಲ. 2017ರಲ್ಲಿ ದೇಶದ ಅನೇಕ ಪ್ರಾಧ್ಯಾಪಕರ ಹೆಸರುಗಳಿದ್ದ ಪಟ್ಟಿಯೊಂದು ಸಾಮಾಜಿಕ ಜಾಲತಾಣದಲ್ಲಿ ಪ್ರಕಟವಾದಾಗಲೂ ನನ್ನ ಮನಸ್ಸು ಹೀಗೆಯೇ ತೊಳಲಿತು.

ಹಿರಿಯರು: ಆ ಪಟ್ಟಿಯ ವಿಷಯದಲ್ಲಿ ನನ್ನ ಸಮಕಾಲೀನ ಸ್ತ್ರೀವಾದಿಗಳಲ್ಲಿಯೇ ಭಿನ್ನಾಭಿಪ್ರಾಯ ಎದ್ದಿತು. ಹಿರಿಯರಾದ ಹಲವರು, ಆಧಾರವನ್ನೂ ಸಂದರ್ಭವನ್ನೂ ಹೇಳದೆ ಹೆಸರುಗಳನ್ನು ಬಹಿರಂಗಗೊಳಿಸುವುದು ತಾವು ಕಟ್ಟಿದ ನ್ಯಾಯಮಾರ್ಗಕ್ಕೇ ಹಾನಿಯೆಂದರು; ಕಿರಿಯರಾದ ಹಲವರು, ಆ ಮಾರ್ಗದಲ್ಲಿ ನಡೆದು ಕಾಲು ಸೋತ ಮೇಲೆಯೇ ತಾವು ಈ ಅಡ್ಡದಾರಿ ಹಿಡಿದದ್ದೆಂದರು. ಇಬ್ಬರ ಮಾತಿನಲ್ಲಿಯೂ ತಥ್ಯವಿತ್ತು. ಬಾಗಿಲು ಮುಚ್ಚಿದ ಮನೆಯಲ್ಲಿ ಹೊಗೆ ಕಿಟಕಿಯಿಂದ ಬರುತ್ತದೆ. ಕಿಟಕಿಯನ್ನು ಬಯ್ದು ಪ್ರಯೋಜನವಿಲ್ಲ. ನಿನ್ನ ಗೆಳೆಯನ ಕಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವನಿಗೆ ಅನ್ಯಾಯ ಮಾಡಿದವರು ಯಾರು? ದೂರು ಕೊಟ್ಟವಳೆ? ದೂರೇ ಇರಲಿಲ್ಲವೆಂದು ನೀನೇ ಹೇಳಿದೆ. ದೂರು ಹೇಳಿಕೊಳ್ಳುವುದಕ್ಕೂ ನಂಬಬಹುದಾದ ಸ್ಥಳವಿಲ್ಲದ, ದೂರಿನಿಂದ ಮುಕ್ತನಾಗುವುದಕ್ಕೂ ಸ್ಥಳವಿಲ್ಲದ ಸಂಸ್ಥೆಯೊಂದು ಅವನನ್ನು ಹಾಗೆ ಕೊಳೆಯಿಸಿತು. ಈಗ ನಾನು ನಿನಗೆ ಇನ್ನೊಂದನ್ನು ಹೇಳಬೇಕು. ಇದನ್ನು ಹೆಚ್ಚು ಮಂದಿಗೆ ಹೇಳಿಲ್ಲ.

ಅಧ್ಯಾಪಕ: ಹೇಳಿ ಮೇಡಂ.

ಹಿರಿಯರು: ವಿಶಾಖಾ ತೀರ್ಪು ಬಂದು ಐದಾರು ವರ್ಷ ಕಳೆದಿತ್ತು, ನಾನಿದ್ದ ಕಾಲೇಜಿನಲ್ಲಿ ಸಮಿತಿಯಿರಲಿಲ್ಲ. ಒಂದು ಮಧ್ಯಾಹ್ನ ಪ್ರಾಂಶುಪಾಲರ ಕೊಠಡಿಯಲ್ಲಿ ವೇಳಾಪಟ್ಟಿಯ ಮಾತಾಡುತ್ತ ಕುಳಿತಿದ್ದೆ. ಅಂತಿಮ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ರೆಕಾರ್ಡ್ ಪುಸ್ತಕದಿಂದ ಹರಿದ ಒಂದು ಹಾಳೆ, ನಾಲ್ಕಾಗಿ ಮಡಿಸಿದ್ದು. ಅಂಗೈಯ ಬೆವರಿಗೆ ಅದರ ಒಂದು ಮೂಲೆ ಮೆತ್ತಗಾಗಿ ಶಾಯಿ ಹರಡಿತ್ತು. ಪ್ರಾಂಶುಪಾಲರು ಓದಿದರು. ಅವರು ಕೆಟ್ಟವರಲ್ಲ, ಓದುತ್ತಿದ್ದಂತೆ ಅವರ ಮುಖ ಬಾಡಿದ್ದನ್ನು ನಾನು ನೋಡಿದೆ. ಓದಿ ಮುಗಿಸಿ ಹಾಳೆಯನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ, ಮೇಜಿನ ಮೇಲಿದ್ದ ಗಾಜಿನ ಗುಂಡಿನ ಕೆಳಗಿಟ್ಟು, “ಪರೀಕ್ಷೆ ಮುಗಿಯಲಮ್ಮ, ನಾಳೆ ಅದನ್ನೆಲ್ಲ ನೋಡೋಣ” ಎಂದರು. ಆವಕ ಪುಸ್ತಕ ಪಕ್ಕದಲ್ಲಿಯೇ ಇತ್ತು; ಅದರಲ್ಲಿ ಆ ದಿನ ಸೀಮೆಸುಣ್ಣದ ಪೆಟ್ಟಿಗೆಗಳ ಬಿಲ್ಲು ದಾಖಲಾಯಿತು, ಆ ಹಾಳೆ ದಾಖಲಾಗಲಿಲ್ಲ. ವಾರದ ಮೇಲೆ ಅವಳ ತಂದೆಯನ್ನು ಕರೆಸಿದರು. ಹಳ್ಳಿಯಿಂದ ಬಂದ ಆ ರೈತ ಟವೆಲ್ಲನ್ನು ಹೆಗಲಿಂದ ಕೈಗಿಳಿಸಿಕೊಂಡು ನಿಂತಿದ್ದ. “ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ ಅಲ್ಲವೇನಪ್ಪ” ಎಂದು ಅವನಿಗೆ ಬುದ್ಧಿ ಹೇಳಿದರು. ಪರೀಕ್ಷೆಗೆ ಮೊದಲೇ ಹುಡುಗಿ ಟಿ.ಸಿ. ತೆಗೆದುಕೊಂಡು ಹೋದಳು. ನಾನು ಆ ಎರಡು ಸಲವೂ ಅದೇ ಕೊಠಡಿಯಲ್ಲಿದ್ದೆ, ಮತ್ತು ಎರಡು ಸಲವೂ ಸುಮ್ಮನಿದ್ದೆ.

ಅಧ್ಯಾಪಕ: ತಾವೇ?

ಹಿರಿಯರು: ನಾನೇ. ಆ ಮೌನವನ್ನು ತೊಳೆದುಕೊಳ್ಳುವುದಕ್ಕಾಗಿಯೇ ನಿವೃತ್ತಳಾದ ಮೇಲೆ ಈ ಸಮಿತಿಗಳಿಗೆ ಹೋಗುತ್ತಿದ್ದೇನೆ ಎನ್ನು. ಅಂದಿನಿಂದ ನಾನು ಯೋಚಿಸುತ್ತಿರುವುದು ಒಂದೇ ವಿಷಯ. ಇಂಥ ಪ್ರಕರಣದಲ್ಲಿ ಎರಡೇ ಪಕ್ಷಗಳಿವೆಯೆಂದು ಲೋಕ ತಿಳಿದಿದೆ: ದೂರುದಾರೆ ಒಬ್ಬಳು, ಆಪಾದಿತನೊಬ್ಬ, ಅವಳಿಗೆ ಕೊಟ್ಟಷ್ಟನ್ನು ಇವನಿಂದ ಕಿತ್ತುಕೊಳ್ಳಬೇಕು, ಇವನಿಗೆ ಕೊಟ್ಟಷ್ಟು ಅವಳಿಗೆ ಕಡಮೆಯಾಗುತ್ತದೆ ಎಂಬಂತೆ ವಾದ ನಡೆಯುತ್ತದೆ. ಆದರೆ ಆ ಕೊಠಡಿಯಲ್ಲಿ ಮೂರನೆಯ ಪಕ್ಷವೊಂದಿದೆ. ಅದಕ್ಕೆ ಕುರ್ಚಿ ಹಾಕಿರುವುದಿಲ್ಲ, ಅದರ ಹೇಳಿಕೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ, ಆದರೂ ಗೆಲ್ಲುವುದು ಬಹುಮಟ್ಟಿಗೆ ಅದೇ. ಅದು ಸಂಸ್ಥೆಯ ಹೆಸರು. ನಿನ್ನ ಗೆಳೆಯನಿಗೆ ವಿಚಾರಣೆ ದೊರೆಯದಂತೆ ಮಾಡಿದ್ದೂ ಆ ಹುಡುಗಿಗೆ ಟಿ.ಸಿ. ಕೊಡಿಸಿದ್ದೂ ಈ ಒಬ್ಬನೇ ಪ್ರತಿವಾದಿ. ‘ಕೆರೆಗೆ ಹಾರ’ವನ್ನು ನೀನು ಕೇಳಿದ್ದೀಯಲ್ಲ, ಊರಿನ ಕೆರೆಗೆ ನೀರು ಬರಲೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಡುವ ಆ ಹಾಡಿನಲ್ಲಿ ಯಾರೂ ಅವಳನ್ನು ದ್ವೇಷಿಸುವುದಿಲ್ಲ. ಎಲ್ಲರೂ ಕೆರೆಯ ಹಿತವನ್ನು ಬಯಸುವವರೇ. ನಮ್ಮ ವಿದ್ಯಾಶಾಲೆಗಳಲ್ಲಿಯೂ ಕೆರೆಯ ಹಿತಚಿಂತಕರೇ ತುಂಬಿದ್ದಾರೆ.

ಅಧ್ಯಾಪಕ: ಹಾಗಾದರೆ ಸಮಿತಿಯು ದೂರು ಬಂದೊಡನೆ ಶೀಘ್ರವಾಗಿ ಕಠಿನವಾದ ಕ್ರಮವನ್ನು ಕೈಗೊಂಡರೆ ಆ ಮೂರನೆಯ ಪಕ್ಷದ ಬಲ ಮುರಿದಂತಾಗುವುದಿಲ್ಲವೆ?

ಹಿರಿಯರು: ಇಲ್ಲ, ಅವಸರವೂ ಆ ಮೂರನೆಯ ಪಕ್ಷದ ಇನ್ನೊಂದು ಮುಖವೇ. ಗೋವಾ ವಿಶ್ವವಿದ್ಯಾನಿಲಯದ ಪ್ರಕರಣವನ್ನು ನೋಡು. 2009ರಲ್ಲಿ ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿ ಸಭೆಯ ಮೇಲೆ ಸಭೆ ಸೇರಿ, ಆಪಾದಿತರು ಉತ್ತರಕ್ಕೂ ಸಾಕ್ಷ್ಯಕ್ಕೂ ಕಾಲಾವಕಾಶ ಬೇಡಿದಾಗ ಅದನ್ನು ತಕ್ಕಷ್ಟು ಕೊಡದೆ ವರದಿಯನ್ನು ಮುಗಿಸಿತು. ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. 2023ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯವು, ಈ ಅನುಚಿತವಾದ ತ್ವರೆಯಲ್ಲಿ ಸಹಜ ನ್ಯಾಯದ ತತ್ತ್ವಗಳಿಗೆ ಭಂಗ ಬಂದಿತೆಂದು ಆ ಶಿಕ್ಷೆಯನ್ನು ರದ್ದುಪಡಿಸಿ, ವಿಚಾರಣೆಯನ್ನು ಎಡವಿದ ಸ್ಥಳದಿಂದಲೇ ಮತ್ತೆ ನಡೆಸಬೇಕೆಂದು ಹಿಂದಕ್ಕೆ ಕಳುಹಿಸಿತು. ಆಪಾದಿತರಿಗೆ ಹದಿನಾಲ್ಕು ವರ್ಷ ಹೋಯಿತು ಎಂದು ನೀನು ಮರುಗುವೆ. ದೂರು ಕೊಟ್ಟ ಹುಡುಗಿಯರಿಗೂ ಹದಿನಾಲ್ಕು ವರ್ಷವೇ ಹೋಯಿತು. ಓದಿನ ದಿನಗಳಲ್ಲಿ ಬರೆದುಕೊಟ್ಟ ಹೇಳಿಕೆಗೆ ಅವರು ಬದುಕಿನ ನಡುವಯಸ್ಸಿನ ಅಂಚಿನಲ್ಲಿ ಮತ್ತೆ ಉತ್ತರ ಹೇಳಬೇಕಾಗಿ ಬಂತು. ಆಪಾದಿತನಿಗೆ ದೂರಿನ ಪ್ರತಿಯನ್ನು ಏಳು ದಿನಗಳಲ್ಲಿ ಕೊಡಬೇಕು, ಉತ್ತರಕ್ಕೆ ಹತ್ತು ದಿನ ಬಿಡಬೇಕು, ಎರಡು ಕಡೆಯ ಸಾಕ್ಷಿಗಳನ್ನೂ ಕೇಳಬೇಕು ಎಂಬ ನಿಯಮಗಳು ಅವನಿಗೆ ತೋರಿಸುವ ದಾಕ್ಷಿಣ್ಯವೆಂದು ತಿಳಿಯಬೇಡ. ದೂರುದಾರೆಗೆ ದೊರೆತ ನ್ಯಾಯವು ಮೇಲಿನ ನ್ಯಾಯಾಲಯದ ಮಳೆಗೆ ಕರಗದಂತೆ ಹಾಕುವ ಅಡಿಗಲ್ಲು ಅದೇ. ಕ್ರಮ ತಪ್ಪಿ ಶಿಕ್ಷಿಸಿದ ಸಮಿತಿಯು ಆಪಾದಿತನಿಗೆ ಬಿಡುಗಡೆಯ ದಾರಿಯನ್ನು ತಾನೇ ಸವೆಸಿಕೊಟ್ಟ ಹಾಗಾಗುತ್ತದೆ.

ಅಧ್ಯಾಪಕ: ಆದರೆ ಎರಡು ಕಡೆಗೂ ಸಮನಾದ ನಿಯಮವೊಂದನ್ನು ಕಟ್ಟುವುದು ಸಾಧ್ಯವೆ? ಅಮೆರಿಕದಲ್ಲಿಯೇ ಅದು ನಿಂತಂತೆ ಕಾಣದು.

ಹಿರಿಯರು: ನಿಜ. ಅಲ್ಲಿ 1972ರ ‘ಟೈಟಲ್ ನೈನ್’ ಎಂಬ ಶಾಸನ, ಲಿಂಗದ ಕಾರಣದಿಂದ ವಿದ್ಯಾಲಯಗಳಲ್ಲಿ ಭೇದವೆಣಿಸಕೂಡದೆಂದು ವಿಧಿಸಿತು. 2011ರಲ್ಲಿ ಒಬಾಮಾ ಆಡಳಿತವು ಕಾಲೇಜುಗಳಿಗೆ ಪತ್ರ ಬರೆದು, ಯಾವ ಕಡೆಯ ಸಂಭಾವ್ಯತೆ ಹೆಚ್ಚೆಂದು ತೂಗಿ ತೀರ್ಮಾನಿಸಬೇಕೆಂದಿತು. 2017ರಲ್ಲಿ ಟ್ರಂಪ್ ಆಡಳಿತ ಅದನ್ನು ಹಿಂತೆಗೆದುಕೊಂಡು, 2020ರಲ್ಲಿ ಪ್ರತ್ಯಕ್ಷ ವಿಚಾರಣೆಯನ್ನೂ ಪಾಟೀಸವಾಲನ್ನೂ ಕಡ್ಡಾಯ ಮಾಡಿತು. 2024ರಲ್ಲಿ ಬೈಡನ್ ಆಡಳಿತ ಮತ್ತೆ ಬದಲಾಯಿಸಿತು. 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ನ್ಯಾಯಾಲಯವೊಂದು ಆ ಬದಲಾವಣೆಯನ್ನೂ ತಳ್ಳಿಹಾಕಿತು. ಚುನಾವಣೆ ಬದಲಾದಂತೆ ನ್ಯಾಯದ ಅಳತೆಗೋಲೂ ಬದಲಾದರೆ ಎರಡು ಕಡೆಯವರಿಗೂ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ನಮ್ಮ ನಿಯಮಗಳು ಅಷ್ಟು ತೂಗಾಡಿಲ್ಲ. ನಮ್ಮ ಅನರ್ಥ ಬೇರೆ. ಇಲ್ಲಿ ನಿಯಮ ಸ್ಥಿರವಾಗಿದೆ, ಅದನ್ನು ನಡೆಸುವ ಕೈಗಳು ಮಾತ್ರ ಚಲಿಸುವುದಿಲ್ಲ.

ಅಧ್ಯಾಪಕ: ಪಾಟೀಸವಾಲಿನ ಮಾತು ಬಂತು. ಹದಿನೆಂಟು ವರ್ಷದ ಹುಡುಗಿಯನ್ನು ಆಪಾದಿತನ ಎದುರಿಗೆ ಕೂರಿಸಿ ಸವಾಲು ಹಾಕಿಸುವುದು ಕ್ರೌರ್ಯವಲ್ಲವೆ? ಹಾಕಿಸದೆ ಬಿಟ್ಟರೆ ಅವನಿಗೆ ಅನ್ಯಾಯವಲ್ಲವೆ?

ಹಿರಿಯರು: ಇದು ಧರ್ಮಸೂಕ್ಷ್ಮದ ಸ್ಥಳ. ನಾವು ಅನುಸರಿಸುವ ರೂಢಿಯನ್ನು ಹೇಳುತ್ತೇನೆ: ಆಪಾದಿತನು ತನ್ನ ಪ್ರಶ್ನೆಗಳನ್ನು ಬರೆದುಕೊಡುತ್ತಾನೆ, ಸಂಗತಿಗೆ ಸಂಬಂಧವಿರುವ ಪ್ರಶ್ನೆಗಳನ್ನೆಲ್ಲ ಸಮಿತಿಯೇ, ಬೇರೆ ಕೊಠಡಿಯಲ್ಲಿ, ಅವಳನ್ನು ಕೇಳುತ್ತದೆ, ಉತ್ತರದ ಪ್ರತಿಯನ್ನು ಅವನಿಗೆ ಕೊಡುತ್ತದೆ. ಅವಳ ಉಡುಪು ಎಂಥದು, ಅವಳು ಯಾರೊಡನೆ ತಿರುಗಾಡುತ್ತಾಳೆ ಎಂಬ ಪ್ರಶ್ನೆಗಳು ಸಂಗತಿಗೆ ಸಂಬಂಧಿಸಿದವಲ್ಲ; ಅವನ್ನು ಬಿಡುತ್ತೇವೆ, ಬಿಟ್ಟ ಕಾರಣವನ್ನು ನಡಾವಳಿಯಲ್ಲಿ ಬರೆಯುತ್ತೇವೆ. ಆ ಕಾರಣವನ್ನು ಬರೆಯುವುದೇ ಮುಖ್ಯ. ಬಾಯಲ್ಲಿ ಬಿಟ್ಟ ಪ್ರಶ್ನೆ ಪಕ್ಷಪಾತವಾಗಿ ಕಾಣುತ್ತದೆ. ಕಾರಣ ಬರೆದು ಬಿಟ್ಟದ್ದು ವಿವೇಚನೆಯಾಗುತ್ತದೆ, ಅದನ್ನು ಮೇಲಿನವರು ಪರೀಕ್ಷಿಸಲೂಬಹುದು.

ಅಧ್ಯಾಪಕ: ಇನ್ನು ಸುಳ್ಳು ದೂರು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ಬಂದಾಗಲೆಲ್ಲ ಮೊದಲು ಏಳುವ ಮಾತು ಅದೇ.

ಹಿರಿಯರು: ಏಳುವುದು ಸಹಜ. ಶಾಸನವೂ ಅದನ್ನು ಮರೆತಿಲ್ಲ. ದುರುದ್ದೇಶದಿಂದ, ಸುಳ್ಳೆಂದು ತಿಳಿದೂ ದೂರು ಕೊಟ್ಟದ್ದು ವಿಚಾರಣೆಯಿಂದ ಸಿದ್ಧವಾದರೆ 2013ರ ಶಾಸನದ 14ನೆಯ ಸೆಕ್ಷನ್ ಅದಕ್ಕೆ ಕ್ರಮವನ್ನು ಹೇಳುತ್ತದೆ. ಆದರೆ ಅದೇ ಸೆಕ್ಷನ್ ಇನ್ನೊಂದನ್ನೂ ಹೇಳುತ್ತದೆ: ದೂರನ್ನು ರುಜುವಾತುಪಡಿಸಲಾಗದೆ ಹೋದ ಮಾತ್ರಕ್ಕೇ ದೂರುದಾರೆಯ ಮೇಲೆ ಕ್ರಮ ಕೈಗೊಳ್ಳಬೇಕಾಗಿಲ್ಲ. ರುಜುವಾತಾಗಲಿಲ್ಲ ಎಂಬುದಕ್ಕೂ ಸುಳ್ಳು ಎಂಬುದಕ್ಕೂ ನಡುವೆ ಒಂದು ಹೊಳೆಯಷ್ಟು ಅಂತರವಿದೆ. ಮುಚ್ಚಿದ ಬಾಗಿಲ ಹಿಂದೆ ಇಬ್ಬರ ನಡುವೆ ನಡೆದದ್ದಕ್ಕೆ ಮೂರನೆಯ ಸಾಕ್ಷಿ ಎಲ್ಲಿಂದ ಬರಬೇಕು? ಸಮಿತಿಯು ಹಾಗೆ ನಿರ್ಣಯಿಸಲಾಗದೆ ಉಳಿದಾಗ, ಆಪಾದಿತನ ಹೆಸರಿಗೆ ಕಳಂಕವಿಲ್ಲವೆಂದೂ ದೂರುದಾರೆಯು ಸುಳ್ಳುಗಾರಳೆಂದು ಇದರ ಅರ್ಥವಲ್ಲವೆಂದೂ ಎರಡನ್ನೂ ಒಂದೇ ವರದಿಯಲ್ಲಿ ಬರೆಯುವ ಧೈರ್ಯ ಬೇಕು. ನಾನು ಅಂಥ ವರದಿಗೆ ಸಹಿ ಹಾಕಿದ್ದೇನೆ. ಅದು ಇಬ್ಬರಿಗೂ ತೃಪ್ತಿ ಕೊಡಲಿಲ್ಲ. ಆದರೆ ಇಬ್ಬರೂ ತಮ್ಮ ಮಾತನ್ನು ಪೂರ್ತಿಯಾಗಿ ಕೇಳಿದರೆಂದು ಒಪ್ಪಿಕೊಂಡು ಹೋದರು. ನ್ಯಾಯಸ್ಥಾನವೊಂದು ಮನುಷ್ಯರಿಗೆ ಕೊಡಬಲ್ಲದ್ದರಲ್ಲಿ ಅದು ಸಣ್ಣದಲ್ಲ.

ಅಧ್ಯಾಪಕ: ಆ ಮೂರನೆಯ ಪಕ್ಷ? ಅದನ್ನು ಯಾರು ವಿಚಾರಿಸುವವರು?

ಹಿರಿಯರು: ನಿಯಮಾವಳಿಯನ್ನು ಸಾವಧಾನವಾಗಿ ಓದಿದರೆ, ಅದನ್ನು ರಚಿಸಿದವರು ಈ ಪಕ್ಷವನ್ನು ಚೆನ್ನಾಗಿ ಬಲ್ಲವರೆಂದು ತಿಳಿಯುತ್ತದೆ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಮೊದಲಾದ ಆಡಳಿತದ ದೊಡ್ಡವರು ಸಮಿತಿಯ ಸದಸ್ಯರಾಗಕೂಡದು ಎಂದರು. ಸಂಸ್ಥೆಯ ಹೆಸರು ಕುರ್ಚಿಯೇರದಿರಲೆಂದು. ಹೊರಗಿನವರೊಬ್ಬರು ಇರಲೇಬೇಕೆಂದರು. ವಿದ್ಯಾರ್ಥಿಗಳು ಒಳಗಾದ ಪ್ರಕರಣದಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಕುಳಿತುಕೊಳ್ಳಬೇಕೆಂದರು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು, ಮುಗಿದ ಹತ್ತು ದಿನಗಳಲ್ಲಿ ವರದಿ ಹೋಗಬೇಕು, ಮೇಲ್ಮನವಿಯಿಲ್ಲದಿದ್ದರೆ ಮೂವತ್ತು ದಿನಗಳಲ್ಲಿ ಕ್ರಮವಾಗಬೇಕು. ಸಮಿತಿಯ ಶಿಫಾರಸನ್ನು ಆಡಳಿತವು ಒಪ್ಪದಿದ್ದರೆ, ಒಪ್ಪದಿರುವ ಕಾರಣವನ್ನು ಲಿಖಿತವಾಗಿ ಸಮಿತಿಗೂ ಎರಡು ಪಕ್ಷಗಳಿಗೂ ತಿಳಿಸಬೇಕು. ಎಷ್ಟು ದೂರು ಬಂದವು, ಏನಾದವು ಎಂದು ಪ್ರತಿ ವರ್ಷವೂ ಆಯೋಗಕ್ಕೆ ವರದಿ ಕೊಡಬೇಕು. ಉತ್ತರದಾಯಿತ್ವವೆಂಬ ದೊಡ್ಡ ಶಬ್ದವನ್ನು ಬಿಡಿಸಿ ನೋಡಿದರೆ ಒಳಗಿರುವುದು ಇಂಥ ಸಣ್ಣ ಸಣ್ಣ ವಸ್ತುಗಳು: ಒಂದು ತಾರೀಖು, ಒಂದು ಸಹಿ, ಬರೆದಿಟ್ಟ ಒಂದು ಕಾರಣ.

ಅಧ್ಯಾಪಕ: ವಾರ್ಷಿಕ ವರದಿಯಲ್ಲಿ ನಮ್ಮ ಕಾಲೇಜು ಪ್ರತಿ ವರ್ಷವೂ ದೂರುಗಳ ಸಂಖ್ಯೆ ಶೂನ್ಯವೆಂದು ಬರೆದಿದೆ. ಅದನ್ನು ಸಭೆಯಲ್ಲಿ ಹೆಮ್ಮೆಯಿಂದ ಓದುತ್ತಾರೆ.

ಹಿರಿಯರು: ಸಾವಿರ ಎಳೆಯರು ಇರುವೆಡೆಯಲ್ಲಿ ವರ್ಷಾನುಗಟ್ಟಲೆ ಒಂದು ದೂರೂ ಇಲ್ಲವೆಂದರೆ, ಅಲ್ಲಿ ತಪ್ಪುಗಳಿಲ್ಲವೆಂದು ನಾನು ತಿಳಿಯಲಾರೆ, ಅಲ್ಲಿ ನಂಬಿಕೆಯಿಲ್ಲವೆಂದು ತಿಳಿಯುತ್ತೇನೆ. ಜ್ವರದ ರೋಗಿಯೊಬ್ಬನೂ ಬಾರದ ಆಸ್ಪತ್ರೆಯನ್ನು ಊರಿನ ಆರೋಗ್ಯಕ್ಕೆ ಸಾಕ್ಷಿಯೆನ್ನುತ್ತಾರೆಯೆ? 2025ರ ಜುಲೈ ತಿಂಗಳಿನಲ್ಲಿ ಒಡಿಶಾದ ಬಾಲಸೋರಿನಲ್ಲಿ ಬಿ.ಎಡ್. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ತನ್ನ ವಿಭಾಗದ ಮುಖ್ಯಸ್ಥರ ಮೇಲೆ ಕೊಟ್ಟ ದೂರಿಗೆ ನ್ಯಾಯ ದೊರೆಯಲಿಲ್ಲವೆಂದು ನೊಂದು ತನ್ನ ಜೀವವನ್ನು ಬಲಿಗೊಟ್ಟಳು. ಆ ದೂರಿನ ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಣಯಿಸಲಿ. ನಾನು ಆ ಮಾತಿಗೆ ಹೋಗುವುದಿಲ್ಲ. ಆದರೆ ಆ ದೂರನ್ನು ಕೇಳುವುದಕ್ಕೆ ಸಮಿತಿಯಿತ್ತು, ನಿಯಮಗಳಿದ್ದವು. ಅವಳು ಅವುಗಳ ಬಾಗಿಲಿಗೆ ಬಂದಿದ್ದಳು. ಬಂದವಳಿಗೆ ಅಲ್ಲಿ ತನ್ನನ್ನು ಯಾರೋ ಕೇಳುತ್ತಿದ್ದಾರೆಂಬ ಭರವಸೆ ಉಳಿಯಲಿಲ್ಲ. ಸುದ್ದಿಯನ್ನು ಓದಿದ ದಿನ ನನಗೆ ಆ ಗಾಜಿನ ಗುಂಡು ಕಣ್ಣಿಗೆ ಕಟ್ಟಿತು.

ಅಧ್ಯಾಪಕ: ಮೇಡಂ, ಇಷ್ಟು ಹೊತ್ತೂ ನಾನು ತತ್ತ್ವಜಿಜ್ಞಾಸೆಗೆ ಬಂದವನಂತೆ ಮಾತನಾಡಿದೆ, ಕ್ಷಮಿಸಬೇಕು. ಇಂದು ಮಧ್ಯಾಹ್ನ ಎರಡನೆಯ ವರ್ಷದ ಹುಡುಗಿಯೊಬ್ಬಳು ನನ್ನ ಕೈಗೆ ಒಂದು ಕಾಗದವನ್ನು ಕೊಟ್ಟಳು. ಅದು ಈ ಚೀಲದಲ್ಲಿದೆ. ಅದರಲ್ಲಿರುವ ಹೆಸರು...

ಹಿರಿಯರು: ಹೆಸರು ಹೇಳಬೇಡ. ಇಬ್ಬರ ಹೆಸರನ್ನೂ ಹೇಳಬೇಡ. ನಾನು ನಿನ್ನ ಕಾಲೇಜಿನ ಸಮಿತಿಯಲ್ಲಿಲ್ಲ, ಗೋಪ್ಯತೆ ನಿನ್ನ ಮೊದಲನೆಯ ಧರ್ಮ. ನಿನ್ನ ಮುಖ ಯಾಕೆ ಹೀಗಾಗಿದೆ ಎಂಬುದನ್ನು ಮಾತ್ರ ಹೇಳು.

ಅಧ್ಯಾಪಕ: ಅವರು ನನಗೆ ಬಹಳ ಬೇಕಾದವರು. ನನ್ನ ಮಗುವಿನ ನಾಮಕರಣಕ್ಕೆ ತೊಟ್ಟಿಲು ತಂದುಕೊಟ್ಟವರು. ಓದಿದೊಡನೆ, ಇದು ಸುಳ್ಳಿರಬೇಕು ಎಂದು ನನ್ನ ಮನಸ್ಸು ಹೇಳಿತು. ಮರುಕ್ಷಣ, ಈ ಹುಡುಗಿಗೆ ಇಂಥ ಸುಳ್ಳಿನಿಂದ ಏನು ಲಾಭ ಎಂದೂ ಅದೇ ಮನಸ್ಸು ಕೇಳಿತು.

ಹಿರಿಯರು: ಆ ಎರಡು ಮಾತುಗಳಲ್ಲಿ ಯಾವುದಕ್ಕೂ ಈ ವಿಚಾರಣೆಯಲ್ಲಿ ಸ್ಥಾನವಿಲ್ಲ, ಆದಕಾರಣ ನಿನಗೂ ಇಲ್ಲ. ತನ್ನವರ ವಿಷಯದಲ್ಲಿ ತಾನೇ ನ್ಯಾಯ ಹೇಳಕೂಡದೆಂಬುದು ನೀನು ತರಗತಿಯಲ್ಲಿ ಪ್ರತಿ ವರ್ಷ ಬೋಧಿಸುವ ಪಾಠ. ನಿನ್ನ ಸ್ನೇಹವನ್ನು ಸಮಿತಿಯ ಅಧ್ಯಕ್ಷೆಗೆ ಬರೆದು ತಿಳಿಸಿ, ಈ ಪ್ರಕರಣದಿಂದ ಹೊರಗುಳಿ. ನಿನ್ನ ಸ್ನೇಹಿತನಿಗೆ ನೀನು ಮಾಡಬಹುದಾದ ಉಪಕಾರವೂ ಅದೇ. ಅವನು ನಿರ್ದೋಷಿಯೆಂದು ನಾಳೆ ಸಿದ್ಧವಾದರೆ, ಗೆಳೆಯನೊಬ್ಬ ಒಳಗಿದ್ದು ಉಳಿಸಿದ ಎಂಬ ಮಾತಿಗೆ ಎಡೆಯಿರುವುದಿಲ್ಲ. ಅವಳಿಗೆ ಕಾಗದ ತಲುಪಿದ್ದಕ್ಕೆ ಸ್ವೀಕೃತಿ ಕೊಟ್ಟೆಯಾ?

ಅಧ್ಯಾಪಕ: ಇಲ್ಲ. ಏನು ಹೇಳಬೇಕೆಂದು ತೋರಲಿಲ್ಲ. “ನಾಳೆ ಬಾರಮ್ಮ, ನೋಡೋಣ” ಎಂದೆ.

ಹಿರಿಯರು: ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದವಳು ನಾನು, ಇನ್ನೊಮ್ಮೆ ಸುಮ್ಮನಿರಲಾರೆ. ಏಳು. ಅಧ್ಯಕ್ಷೆಯವರಿಗೆ ಈಗಲೇ ಫೋನ್ ಮಾಡಿ, ಕಾಗದವನ್ನು ಇಂದೇ ಅವರ ಕೈಗೆ ಮುಟ್ಟಿಸು. ನಾಳೆ ಆ ಹುಡುಗಿ ಬರುವಷ್ಟರಲ್ಲಿ ಅವಳಿಗಾಗಿ ಸಹಿ ಮಾಡಿದ ಸ್ವೀಕೃತಿಯೊಂದು ಕಾದಿರಲಿ. ಅವಳು ಹೇಳುವುದು ನಿಜವೋ ಅಲ್ಲವೋ ನನಗೂ ತಿಳಿಯದು, ನಿನಗೂ ತಿಳಿಯದು. ಅದನ್ನು ತಿಳಿಯುವ ಕೆಲಸ ಇಂದು ಸಂಜೆಯೇ ಮೊದಲಾಗಬೇಕು.

ಅಧ್ಯಾಪಕ: ಹೊರಟೆ ಮೇಡಂ. ಅವಳೂ ಅದನ್ನು ನಾಲ್ಕಾಗಿ ಮಡಿಸಿದ್ದಾಳೆ.

ಹಿರಿಯರು: ಬಿಡಿಸಿ, ಮೇಲೆ ತಾರೀಖು ಬರೆ.